ಬೀಗರು ಇಟ್ಟ ಮೀನು

ಆ ಆಸ್ಪತ್ರೆಯಲ್ಲಿ ಅವರನ್ನು ಎಲ್ಲರೂ ಬೀಗರು ಎಂದೇ ಕರೆಯುತ್ತಿದ್ದರು. ಹೆಣ್ಣು ಕೊಟ್ಟ ಬೀಗರಲ್ಲ, ಹೆಣ್ಣು ತಂದ ಬೀಗರೂ ಅಲ್ಲ; ಕಂಪ್ಯೂಟರುಗಳಿಗೆ ಬೀಗ ಹಾಕಿ ಕಳ್ಳರು ನುಗ್ಗದಂತೆ ಕಾಯುವ ಕೆಲಸದವರು. ಹಾಗೆಂದು ಹೆಸರಿಟ್ಟವರು ಸುಮ್ಮನೆ ಇಟ್ಟಿರಲಿಲ್ಲ. ಹೇಳದೆ ಕೇಳದೆ ಬರುವುದು, ಬಂದವರೇ ಒಳ್ಳೆಯ ಕುರ್ಚಿ ನೋಡಿ ಕೂರುವುದು, ಕೂತ ಮೇಲೆ ಎಲ್ಲದರಲ್ಲೂ ಹುಳುಕು ತೆಗೆಯುವುದು, ಎದುರಿಗಿದ್ದವರು ಹಲ್ಲು ಕಿರಿದು ಸಹಿಸಿಕೊಳ್ಳುವುದು, ಎಲ್ಲ ಲಕ್ಷಣವೂ ಬೀಗರದೇ. ಅವರು ಮೆಟ್ಟಿಲು ಹತ್ತುವ ಮೊದಲೇ "ಬೀಗರು ಬಂದ್ರು, ಬೀಗರು ಬಂದ್ರು" ಎಂಬ ಸುದ್ದಿ ಕೋಣೆಯಿಂದ ಕೋಣೆಗೆ ಓಡುತ್ತಿತ್ತು. ಕೀಬೋರ್ಡಿನ ಅಡಿಗೆ ಅಂಟಿಸಿದ ಪಾಸ್‌ವರ್ಡ್ ಚೀಟಿಗಳೆಲ್ಲ ಜೇಬು ಸೇರುತ್ತಿದ್ದವು. ಅವರು ಬೆನ್ನು ತಿರುಗಿಸಿದ ಮೇಲೆ ಮತ್ತೆ ಅದೇ ಜಾಗಕ್ಕೆ ಅಂಟಿಕೊಳ್ಳುತ್ತಿದ್ದವು.

ಬೀಗರ ಬಾಯಿ ಸ್ವಲ್ಪ ಜೋರು. ಸ್ವಲ್ಪ ಏನು, ಚೆನ್ನಾಗಿಯೇ ಜೋರು. ಎಲುಬಿನ ಡಾಕ್ಟರು ಒಂದು ಸಲ ಗಾಡಿ ನಿಲ್ಲಿಸುವ ಜಾಗದಲ್ಲಿ ಬಿದ್ದಿದ್ದ ಪೆನ್‌ಡ್ರೈವ್ ಹೆಕ್ಕಿ ತಂದು, ಯಾರದಿರಬಹುದು ನೋಡೋಣ ಎಂದು ಕಂಪ್ಯೂಟರಿಗೆ ಚುಚ್ಚಿದರು. ಬೀಗರು ಓಡಿ ಬಂದು ಅದನ್ನು ಕಿತ್ತು, ಕಾಯುತ್ತ ಕೂತಿದ್ದ ರೋಗಿಗಳ ಎದುರಿಗೇ, "ದಾರೀಲಿ ಬಿದ್ದಿದ್ದ ಚಾಕ್ಲೇಟು ಸಿಕ್ಕಿದ್ರೆ ಬಾಯಿಗೆ ಹಾಕ್ಕೋತೀರಾ ಡಾಕ್ಟ್ರೇ?" ಎಂದು ಕೇಳಿದರು. ಕೈಗೆ ಪಟ್ಟಿ ಕಟ್ಟಿಸಿಕೊಳ್ಳಲು ಬಂದವನೂ ನೋವು ಮರೆತು ನಕ್ಕ. ಡಾಕ್ಟರ ಕಿವಿ ಕೆಂಪಾಯಿತು. ಮಾತು ತಪ್ಪಲ್ಲ, ಸರಿಯಾದದ್ದೇ. ಅದೇ ತೊಂದರೆ ನೋಡಿ. ಬೀಗರು ಆಡುತ್ತಿದ್ದ ಮಾತುಗಳೆಲ್ಲ ಸರಿಯಾದವೇ ಆಗಿರುತ್ತಿದ್ದವು.

ಅವರಿಗೆ ಆಸ್ಪತ್ರೆಯ ಮೇಲೆ ಪ್ರೀತಿ ಇರಲಿಲ್ಲ ಎಂದರೆ ನಾಲಿಗೆಗೆ ಹುಳ ಬಿದ್ದೀತು. ಬೇರೆ ಕಡೆ ಕಳ್ಳ ಹೊಕ್ಕರೆ ವಸ್ತು ಹೋಗುತ್ತದೆ, ಇಲ್ಲಿ ಹೊಕ್ಕರೆ ಯಾರದೋ ರಕ್ತದ ಗುಂಪು, ಯಾರದೋ ಗಡ್ಡೆಯ ಚಿತ್ರ, ಯಾರಿಗೆ ಯಾವ ಔಷಧಿ ಆಗದು ಎಂಬ ಎಚ್ಚರಿಕೆ, ಎಲ್ಲ ಹೋಗುತ್ತದೆ ಎಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಎರಡನೆಯ ಮಹಡಿಯ ಮೂಲೆಯಲ್ಲಿ, ಸದಾ ಗುಂಯ್‌ಗುಡುವ ಯಂತ್ರಗಳ ಪಕ್ಕದ ತಣ್ಣನೆಯ ಕೋಣೆಯಲ್ಲಿ, ಇಬ್ಬರು ತಂತ್ರಜ್ಞರನ್ನು ಕಟ್ಟಿಕೊಂಡು ಅವರು ಅದನ್ನೆಲ್ಲ ಕಾಯುತ್ತಿದ್ದರು. ಬಾಗಿಲ ಮೇಲೆ "ಅನುಮತಿ ಇಲ್ಲದೆ ಪ್ರವೇಶವಿಲ್ಲ" ಎಂಬ ಫಲಕ. ಆ ಫಲಕಕ್ಕೆ ಕವಡೆ ಕಿಮ್ಮತ್ತು ಕೊಡದೆ ಒಳಗೆ ನುಗ್ಗುತ್ತಿದ್ದವಳು ಒಬ್ಬಳೇ, ಅವರ ಅಕ್ಕ.

ಅಕ್ಕ ಅದೇ ಆಸ್ಪತ್ರೆಯ ದಾಖಲೆ ವಿಭಾಗದಲ್ಲಿದ್ದಳು. ರೋಗಿಗಳ ಹಳೆಯ ವರದಿ ಹುಡುಕಿ ಕೊಡುವುದು, ಹೊರಗಿನಿಂದ ಬಂದ ವರದಿಗಳನ್ನು ಕಂಪ್ಯೂಟರಿಗೆ ಸೇರಿಸುವುದು ಅವಳ ಕೆಲಸ. ತಮ್ಮ ಕಾಲೇಜು ಓದಿದ್ದೇ ಅವಳ ಸಂಬಳದಲ್ಲಿ. ಇನ್ನೂ ಮದುವೆ ಮಾಡಿಕೊಳ್ಳಬಹುದಾಗಿದ್ದ ವಯಸ್ಸಿನಲ್ಲಿ ತಮ್ಮನನ್ನು ಓದಿಸಿದಳು, ಆಮೇಲೆ ಯಾರೂ ಕೇಳಲಿಲ್ಲ, ಅವಳೂ ಹೇಳಲಿಲ್ಲ. ಈಗ ತಮ್ಮನ ಮನೆಯ ಮುಂಭಾಗದ ಕೋಣೆಯಲ್ಲಿ ಇದ್ದಾಳೆ. ತಮ್ಮನ ಕೋಣೆಗೆ ಬರುವುದೆಂದರೆ ಬಾಗಿಲನ್ನು ಭುಜದಿಂದ ತಳ್ಳಿ, "ಲೋ, ಊಟದ ಡಬ್ಬಿ ಮನೇಲೇ ಬಿಟ್ಟು ಬಂದಿದ್ದೀಯಲ್ಲ, ತಲೆ ಎಲ್ಲಿಟ್ಟಿರ್ತೀಯ?" ಎನ್ನುತ್ತಲೇ ಬರುವುದು. ತಂತ್ರಜ್ಞರು ಮುಸಿಮುಸಿ ನಗುತ್ತಿದ್ದರು. ಇಡೀ ಆಸ್ಪತ್ರೆಯನ್ನು ನಡುಗಿಸುವ ಬೀಗರನ್ನು "ಲೋ" ಎನ್ನುವ ಒಂದು ಬಾಯಿ ಇದೆಯಲ್ಲ ಎಂದು ಅವರಿಗೆ ಹಾಲು ಕುಡಿದಷ್ಟು ಸಂತೋಷ.

ಇನ್ನು ಮೀನಿನ ವಿಷಯ. ಕಳ್ಳರು ಕಳಿಸುವಂಥ ಸುಳ್ಳು ಮೇಲ್‌ಗಳನ್ನು ಬೀಗರೇ ತಯಾರಿಸಿ ನೌಕರರಿಗೆ ಕಳಿಸುತ್ತಿದ್ದರು. ಇಂಥ ಮೋಸಕ್ಕೆ ಅವರ ಕಸುಬಿನಲ್ಲಿ ಫಿಶಿಂಗ್, ಅಂದರೆ ಮೀನಿಗೆ ಗಾಳ ಹಾಕುವುದು ಎಂದು ಹೆಸರು; ಇದು ಅಲ್ಲಿ ಎಲ್ಲರೂ ಮಾಡುವ ಪರೀಕ್ಷೆ. ಯಾರು ಮೋಸಹೋಗಿ ಅದರೊಳಗಿನ ಕೊಂಡಿ ಒತ್ತುತ್ತಾರೋ ಅವರಿಗೆ ತಿಳಿಸಿ ಹೇಳಬೇಕು, ಅಷ್ಟೇ. ಆದರೆ ಬೀಗರಿಗೆ ಅಷ್ಟಕ್ಕೇ ತೃಪ್ತಿಯಾಗಲಿಲ್ಲ. ಆಟಿಕೆ ಅಂಗಡಿಯಿಂದ ಮೊಳದುದ್ದದ ಒಂದು ಬಟ್ಟೆಯ ಮೀನು ತಂದರು. ಕಿತ್ತಳೆ ಬಣ್ಣ, ಗುಂಡಿಯ ಕಣ್ಣು, ಬಾಯಿ ತೆರೆದುಕೊಂಡು ಪೆದ್ದುಪೆದ್ದಾಗಿ ನೋಡುವ ಮೀನು. ಗಾಳಕ್ಕೆ ಸಿಕ್ಕವರ ಮೇಜಿನ ಮೇಲೆ ಆ ಮೀನು ಕೂರಬೇಕು. ಮುಂದಿನವರು ಸಿಗುವವರೆಗೆ ಅದನ್ನು ತೆಗೆಯುವಂತಿಲ್ಲ. ಮೀನಿನ ಜೊತೆ ಅವರದೊಂದು ಫೋಟೋ ತೆಗೆದು, ಕೆಳಗಿನ ಹಜಾರದ ದೊಡ್ಡ ಪರದೆಯ ಮೇಲೆ ಹಾಕುವುದೂ ಪದ್ಧತಿಯಾಯಿತು. ಫಾರ್ಮಸಿಯವನ ಮೇಜಿಗೆ ಹೋಯಿತು, ಕ್ಯಾಷಿಯರಮ್ಮನ ಮೇಜಿಗೆ ಹೋಯಿತು, ಎಕ್ಸ್‌ರೇ ವಿಭಾಗದ ಮುಖ್ಯಸ್ಥರ ಮೇಜಿಗೂ ಹೋಯಿತು. ಎಲ್ಲರೂ ನಕ್ಕರು. ಮೀನು ಇಟ್ಟುಕೊಂಡವರೂ ನಕ್ಕರು, ನಗದೆ ಇನ್ನೇನು ಮಾಡಿಯಾರು? ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ನಾಚಿಕೆಯಾದರೇನೇ ಜನ ಕಲಿಯುವುದು ಎಂದು ಬೀಗರು ಎದೆಯುಬ್ಬಿಸಿ ಹೇಳುತ್ತಿದ್ದರು. ನಿಜಕ್ಕೂ, ಮೀನು ಬಂದ ಮೇಲೆ "ಏನೋ ಒತ್ತಿಬಿಟ್ಟೆ, ಬಂದು ನೋಡಿ" ಎಂಬ ಫೋನುಗಳು ಕಡಿಮೆಯಾಗುತ್ತ ಬಂದು ನಿಂತೇಹೋದವು. ಅದನ್ನೇ ಅವರು ಆಸ್ಪತ್ರೆ ನಡೆಸುವ ಹಿರಿಯ ಡಾಕ್ಟರಮ್ಮನ ಎದುರು ತಮ್ಮ ಸಾಧನೆ ಎಂದು ತೋರಿಸಿ ಶಭಾಷ್ ಎನ್ನಿಸಿಕೊಂಡರು.

ಒಂದು ಸಲ ಅವರು ಹೆಣೆದ ಸುಳ್ಳು ಮೇಲ್ ಹೀಗಿತ್ತು: "ಆಸ್ಪತ್ರೆಯ ಹೊಸ ಕ್ಯಾಲೆಂಡರಿಗೆ ನಿಮ್ಮ ಫೋಟೋ ಆಯ್ಕೆಯಾಗಿದೆ. ಇಲ್ಲಿ ಒತ್ತಿ ನೋಡಿ." ಮೊದಲು ಒತ್ತಿದವಳು ಅಕ್ಕ. ಅಷ್ಟು ವರ್ಷ ದುಡಿದವಳ ಒಂದು ಫೋಟೋ ಆ ಕಟ್ಟಡದಲ್ಲಿ ಎಲ್ಲೂ ಇರಲಿಲ್ಲ, ನೋಡಬೇಕು ಅನ್ನಿಸಿತು, ಒತ್ತಿದಳು. ಬೀಗರಿಗೆ ಒಂದು ಗಳಿಗೆ ಇರುಸುಮುರುಸಾಯಿತು. ಆದರೆ ಅಕ್ಕನನ್ನು ಬಿಟ್ಟರೆ ಜನ ಆಡಿಕೊಳ್ಳುವುದಿಲ್ಲವೇ? ನ್ಯಾಯ ಎಂದರೆ ನ್ಯಾಯ. ಮೀನು ಹಿಡಿದುಕೊಂಡು, ಹಿಂದೆ ನಾಲ್ಕು ಜನರನ್ನು ಕಟ್ಟಿಕೊಂಡು ದಾಖಲೆ ವಿಭಾಗಕ್ಕೆ ಹೋದರು. ಅಕ್ಕನ ಕೈಗೆ ಮೀನು ಕೊಟ್ಟು ಫೋಟೋ ಹೊಡೆದು, "ಫೋಟೋ ಬರುತ್ತೆ ಅಂದಿದ್ನಲ್ಲ, ಬಂತು ನೋಡು!" ಎಂದರು. ಎಲ್ಲರೂ ಹೊಟ್ಟೆ ಹಿಡಿದು ನಕ್ಕರು. ಅಕ್ಕನೂ ನಕ್ಕಳು. ಅವಳ ಫೋಟೋ ಹಜಾರದ ಪರದೆಯ ಮೇಲೆ ಆ ವಾರವೆಲ್ಲ ಇತ್ತು. ಬಂದುಹೋಗುವ ರೋಗಿಗಳೂ ನೋಡಿದರು. ಮನೆಯಲ್ಲಿ ಅವಳು ಆ ಮಾತು ಎತ್ತಲಿಲ್ಲ, ಬೀಗರೂ ಎತ್ತಲಿಲ್ಲ. ನನ್ನ ಅಕ್ಕ ಅಂತಲೂ ನೋಡಲಿಲ್ಲ ಎಂದು ಮಾತ್ರ ಹತ್ತು ಕಡೆ ಹೇಳಿಕೊಂಡು ತಿರುಗಿದರು.

ಅದಾದ ಮೇಲೆ ಹೊಸ ಮೇಲ್‌ಗೆ ಯಾರೂ ಬೀಳಲಿಲ್ಲ. ಮೀನು ಅಕ್ಕನ ಮೇಜಿನ ಮೇಲೇ ಉಳಿಯಿತು.

ಒಂದು ಸೋಮವಾರ ಬೀಗರು ಕೋಣೆಯಲ್ಲಿ ಟೀ ಕುಡಿಯುತ್ತಿದ್ದರು. ಇಬ್ಬರು ತಂತ್ರಜ್ಞರಿದ್ದರು, ಫಾರ್ಮಸಿಯವನೂ ಹರಟೆಗೆ ಬಂದು ಕೂತಿದ್ದ. ಬಾಗಿಲು ತೆರೆಯಿತು. ಅಕ್ಕ. ಯಾವತ್ತೂ ದಡಬಡ ಒಳಗೆ ಬರುವವಳು ಅವತ್ತು ಹೊಸ್ತಿಲಲ್ಲೇ ನಿಂತಿದ್ದಳು. ಸೀರೆಯ ಸೆರಗನ್ನು ಎರಡೂ ಕೈಯಲ್ಲಿ ಹಿಡಿದಿದ್ದಳು. ಬೀಗರು ಅವಳ ಮುಖ ಕಂಡದ್ದೇ ತಡ, ಅವಳು ಬಾಯಿ ತೆರೆಯುವ ಮೊದಲೇ, "ಏನಕ್ಕ, ಮೀನು ಮರಿ ಹಾಕ್ತಾ?" ಎಂದುಬಿಟ್ಟರು.

ಫಾರ್ಮಸಿಯವನಿಗೆ ಟೀ ನೆತ್ತಿಗೇರಿತು. ತಂತ್ರಜ್ಞರು ಮೇಜು ಬಡಿದು ನಕ್ಕರು. ಅಕ್ಕ, "ಏನಿಲ್ಲಪ್ಪ. ಮನೆ ಕೀಲಿ ನನ್ನ ಹತ್ರಾನೇ ಇದೆ ಅಂತ ಹೇಳಿ ಹೋಗೋಣ ಅಂತ ಬಂದೆ" ಎಂದು ಹೊರಟುಹೋದಳು. ಬೀಗರು ಜೇಬು ಮುಟ್ಟಿ ನೋಡಿಕೊಂಡರು. ಮನೆಯ ಕೀಲಿ ಅಲ್ಲೇ ಇತ್ತು. ಅಕ್ಕನಿಗೆ ಅರಳುಮರಳು ಶುರುವಾಯಿತು ಎಂದುಕೊಂಡು ಉಳಿದ ಟೀ ಕುಡಿದರು.

ಗುರುವಾರ ಬೆಳಿಗ್ಗೆ ಆಸ್ಪತ್ರೆ ತೆರೆದಾಗ ಯಾವ ಕಂಪ್ಯೂಟರೂ ಬಾಯಿ ಬಿಡಲಿಲ್ಲ. ಎಲ್ಲ ಪರದೆಗಳ ಮೇಲೂ ಒಂದೇ ಒಂದು ಬರಹ: ನಿಮ್ಮ ಕಡತಗಳಿಗೆಲ್ಲ ಬೀಗ ಹಾಕಿದ್ದೇವೆ, ತೆರೆಯಬೇಕಾದರೆ ನಾವು ಹೇಳಿದಂತೆ ಕೇಳಿ. ಬೀಗರ ಮನೆಗೇ ಬೀಗ! ಲ್ಯಾಬಿನ ಯಂತ್ರ ನಿಂತಿತು, ಎಕ್ಸ್‌ರೇ ಚಿತ್ರಗಳು ಮಾಯವಾದವು, ಶಸ್ತ್ರಚಿಕಿತ್ಸೆಗೆಂದು ಹಸಿದು ಬಂದಿದ್ದವರನ್ನು ಕ್ಷಮೆ ಕೇಳಿ ವಾಪಸು ಕಳಿಸಬೇಕಾಯಿತು. ಬೀಗರು ಮೇಲಿನಿಂದ ಕೆಳಗೆ, ಕೆಳಗಿನಿಂದ ಮೇಲೆ ಓಡಾಡಿ ವಯರುಗಳನ್ನು ಕಿತ್ತರು. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ. ಪುಣ್ಯಕ್ಕೆ, ಪ್ರತಿ ಭಾನುವಾರ ತೆಗೆದು ಬೇರೆ ಕಡೆ ಬಚ್ಚಿಡುವ ನಕಲು ಕ್ಷೇಮವಾಗಿತ್ತು. ದಿನದಿನದ ನಕಲುಗಳು ಮಾತ್ರ ಉಳಿದ ಯಂತ್ರಗಳ ಜೊತೆಯಲ್ಲೇ ಸಿಕ್ಕಿಬಿದ್ದಿದ್ದವು. ಅಂದರೆ ಭಾನುವಾರದವರೆಗಿನದು ಬಂತು. ಸೋಮವಾರದಿಂದ ಈಚಿನದೆಲ್ಲ ನೀರುಪಾಲು.

ಲ್ಯಾಬಿನ ಮುಂದೆ ಮೊನ್ನೆ, ಆಚೆಮೊನ್ನೆ ರಕ್ತ ಕೊಟ್ಟುಹೋದವರನ್ನು ಮತ್ತೆ ಕರೆಸಿ ಸಾಲಾಗಿ ಕೂರಿಸಿದ್ದರು. ಒಬ್ಬ ಮುದುಕ ಅಂಗಿಯ ತೋಳು ಮೇಲೆತ್ತಿ ನೀಲಿಗಟ್ಟಿದ ಕಲೆ ತೋರಿಸಿ, "ನೋಡಮ್ಮ, ಇದೇ ಇನ್ನೂ ಆರಿಲ್ಲ, ಇನ್ನೆಲ್ಲಿ ಚುಚ್ತೀಯ?" ಎಂದು ನರ್ಸನ್ನು ಕೇಳುತ್ತಿದ್ದ. ಒಂದು ಪುಟ್ಟ ಹುಡುಗಿ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಗೋಡೆಗೆ ಒತ್ತಿ ನಿಂತಿದ್ದಳು. ಅವಳ ತಾಯಿ, "ಇದೊಂದೇ ಸಲ ಕಂದ" ಎಂದಾಗ, "ಅವತ್ತೂ ಹಾಗೇ ಹೇಳ್ದೆ" ಎಂದಳು. ಬೀಗರ ರಕ್ತ ಕುದಿಯಿತು. "ಯಾವ ಪುಣ್ಯಾತ್ಮ ಒತ್ತಿದ್ನೋ ಸಿಗಲಿ. ಮೀನಲ್ಲ, ತಿಮಿಂಗಿಲಾನೇ ತಂದು ಇಡ್ತೀನಿ" ಎಂದು ಹಲ್ಲು ಕಡಿಯುತ್ತ ಮೆಟ್ಟಿಲು ಹತ್ತಿದರು.

ಕಳ್ಳ ಎಲ್ಲಿಂದ ಹೊಕ್ಕ ಎಂದು ಹಿಂದಕ್ಕೆ ಹಿಂದಕ್ಕೆ ಹುಡುಕುವುದು ಅವರಿಗೆ ಅಂಗೈ ಗೆರೆ ಓದಿದಷ್ಟು ಸಲೀಸು. ಲ್ಯಾಬಿನಿಂದ ಎಕ್ಸ್‌ರೇಗೆ, ಅಲ್ಲಿಂದ ಕ್ಯಾಷ್ ಕೌಂಟರಿಗೆ, ಅಲ್ಲಿಂದ ದಾಖಲೆ ವಿಭಾಗಕ್ಕೆ. ದಾಖಲೆ ವಿಭಾಗದಲ್ಲಿ ಮೀನು ಕೂತಿದ್ದ ಮೇಜು. ರೋಗಿಯೊಬ್ಬರ ಮನೆಯವರು ಹಳೆಯ ಸ್ಕ್ಯಾನ್ ಕಳಿಸಿದಂತೆ ಬಂದ ಮೇಲ್. ಅಂಥವನ್ನು ತೆರೆಯುವುದೇ ಅವಳ ಕೆಲಸ. ಬೀಗರೇ ಕೂತಿದ್ದರೂ ತೆರೆಯುತ್ತಿದ್ದರು. ಸೋಮವಾರ, ಬೆಳಗಿನ ಟೀಗೆ ತುಸು ಮುಂಚೆ.

ಟೀಗೆ ತುಸು ಮುಂಚೆ.

ಹೊಸ್ತಿಲಲ್ಲಿ ನಿಂತಿದ್ದ ಅಕ್ಕ, ಸೆರಗು ಹಿಡಿದ ಕೈಗಳು, ಜೇಬಿನಲ್ಲೇ ಇದ್ದ ಕೀಲಿ, ಎಲ್ಲ ಒಟ್ಟಿಗೆ ಬೀಗರ ಕಣ್ಣ ಮುಂದೆ ಬಂದವು. ಆಗ ಕಳ್ಳ ಹೊಕ್ಕಿದ್ದದ್ದು ಒಂದೇ ಒಂದು ಯಂತ್ರಕ್ಕೆ. ಅವಳ ಜೊತೆ ಎದ್ದುಹೋಗಿ ಒಂದು ವಯರು ಎಳೆದಿದ್ದರೆ ಮುಗಿಯುತ್ತಿತ್ತು. ಮುದುಕನ ತೋಳು, ಆ ಹುಡುಗಿಯ ಬೆನ್ನ ಹಿಂದಿನ ಕೈಗಳು, ಯಾವುದೂ ಇರುತ್ತಿರಲಿಲ್ಲ. ಮಾತು ಆಡಿದರೆ ಹೋಯ್ತು ಎಂಬ ಗಾದೆಯನ್ನು ಶಾಲೆಯಲ್ಲಿ ಬರೆದು ಬರೆದು ಅಂಕ ತೆಗೆದವರು ಅವರು. ಅದರ ಅರ್ಥ ತಿಳಿದದ್ದು ಅಂದು. ಯಾರಿಗೂ ಮುಖ ತೋರಿಸಲಾಗದೆ ಯಂತ್ರಗಳ ಕೋಣೆಯೊಳಗೆ ಹೋಗಿ ನಿಂತರು.

ಮರುದಿನ ಹಿರಿಯ ಡಾಕ್ಟರಮ್ಮ ಎಲ್ಲ ವಿಭಾಗದವರನ್ನೂ ಸಭೆಗೆ ಕರೆದರು. ಉದ್ದನೆಯ ಮೇಜು, ಆರಿಹೋದ ಟೀ ಲೋಟಗಳು, ನಿದ್ದೆಗೆಟ್ಟ ಮುಖಗಳು. ಡಾಕ್ಟರಮ್ಮ ಸುತ್ತಿ ಬಳಸಿ ಮಾತಾಡುವವರಲ್ಲ. "ಎಲ್ಲಿಂದ ಶುರುವಾಯ್ತು? ಯಾರಿಗಾದ್ರೂ ಮುಂಚೆ ಗೊತ್ತಿತ್ತಾ? ಗೊತ್ತಿದ್ದೂ ಮುಚ್ಚಿಟ್ಟಿದ್ರೆ ಅಂಥವರು ಇಲ್ಲಿ ಇರೋದು ಬೇಡ" ಎಂದರು.

ಬೀಗರು ಎದ್ದು ನಿಂತರು. "ದಾಖಲೆ ವಿಭಾಗದ ಒಂದು ಕಂಪ್ಯೂಟರಿಂದ. ಸೋಮವಾರ" ಎಂದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇವರ ಕೈ ತಾನಾಗಿ ಕೀಲಿಯಿದ್ದ ಜೇಬಿಗೆ ಹೋಯಿತು.

ಅಷ್ಟರಲ್ಲಿ ಮೇಜಿನ ಕೊನೆಯಲ್ಲಿ ಕುರ್ಚಿ ಸರಿದ ಸದ್ದಾಯಿತು. "ನಾನೇ ಡಾಕ್ಟ್ರೇ" ಎಂದು ಅಕ್ಕ ಎದ್ದಳು. "ನಾನೇ ತೆರೆದಿದ್ದು. ಏನೋ ಆಗಿದೆ ಅಂತ ಗೊತ್ತಾಯ್ತು. ಹೆದರಿಕೆಯಾಯ್ತು, ಯಾರಿಗೂ ಹೇಳ್ಲಿಲ್ಲ."

ಯಾರಿಗೂ ಹೇಳಲಿಲ್ಲವಂತೆ. ಬೀಗರು ತಲೆಯೆತ್ತಿ ನೋಡಿದರು. ಅವಳು ಇವರ ಕಡೆ ನೋಡುತ್ತಿರಲಿಲ್ಲ. ಸೆರಗನ್ನು ಮಾತ್ರ ಎರಡೂ ಕೈಯಲ್ಲಿ ಹಿಡಿದಿದ್ದಳು.

ಬೀಗರಿಗೆ ಚಿಕ್ಕವರಿದ್ದಾಗ ಒಂದು ಕೆಟ್ಟ ಅಭ್ಯಾಸವಿತ್ತು. ಶಾಲೆಗೆ ಹೋಗುವ ವಯಸ್ಸು ಬಂದು ಎಷ್ಟೋ ಕಾಲವಾದರೂ ಹಾಸಿಗೆ ಒದ್ದೆ ಮಾಡುತ್ತಿದ್ದರು. ತಾಯಿ ಹೋದ ಮೇಲೆ ಅದು ಇನ್ನೂ ಜಾಸ್ತಿಯಾಯಿತು. ಅಪ್ಪ ಏಳುವ ಮೊದಲೇ ಅಕ್ಕ ಎದ್ದು, ಇವರನ್ನು ತನ್ನ ಹಾಸಿಗೆಗೆ ಸರಿಸಿ, ಆ ಬಟ್ಟೆ ಒಗೆದು ಹಿತ್ತಲಲ್ಲಿ ತನ್ನ ಬಟ್ಟೆಗಳ ನಡುವೆ ಒಣಹಾಕುತ್ತಿದ್ದಳು. ಅಪ್ಪ ಕೇಳಿದರೆ, "ನೀರು ಚೆಲ್ಲಿಬಿಟ್ಟೆ" ಎಂದು ತಾನು ಬೈಸಿಕೊಳ್ಳುತ್ತಿದ್ದಳು. ಇವತ್ತಿನವರೆಗೆ ಒಂದು ನರಪಿಳ್ಳೆಗೂ ಹೇಳಿಲ್ಲ. ಬೀಗರ ಹೆಂಡತಿಗೂ ಗೊತ್ತಿಲ್ಲ. ತಮಾಷೆಗೂ ಅವಳು ಆ ಮಾತನ್ನು ಎಂದೂ ಆಡಿಲ್ಲ. ಅಂಥವಳ ಕೈಗೆ ಮೀನು ಕೊಟ್ಟು ಹಜಾರದಲ್ಲಿ ತೋರಿಸಿದೆನಲ್ಲ ಎಂದು ನೆನೆದಾಗ ಅವರಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

"ಇಷ್ಟು ವರ್ಷದ ಕೆಲಸ ನಿಮ್ಮದು, ನಿಮ್ಮಿಂದ ಇದನ್ನ ನಿರೀಕ್ಷಿಸಿರ್ಲಿಲ್ಲ" ಎಂದರು ಡಾಕ್ಟರಮ್ಮ. "ನಾಳೆಯಿಂದ ನೀವು ಬರೋದು ಬೇಡ. ಮುಂದೇನು ಅಂತ ಆಮೇಲೆ ತಿಳಿಸ್ತೀವಿ."

"ಆಗಲಿ" ಎಂದು ಅಕ್ಕ ಚೀಲ ಎತ್ತಿಕೊಂಡಳು. ಇದನ್ನು ಹೇಳಲೇಬೇಕು: ಅವಳು ಕುರ್ಚಿಗಳ ಹಿಂದಿನಿಂದ ನಡೆದು ಬಾಗಿಲ ಹತ್ತಿರ ಹೋಗುವವರೆಗೂ ಬೀಗರೆಂಬ ಆ ದೊಡ್ಡ ಮನುಷ್ಯ ಸುಮ್ಮನೆ ನಿಂತಿದ್ದರು. ಅವಳ ಕೈ ಬಾಗಿಲ ಹಿಡಿಗೆ ಹೋದಾಗ ಮಾತ್ರ, "ಸುಳ್ಳು" ಎಂದರು.

"ಏನು?" ಎಂದರು ಡಾಕ್ಟರಮ್ಮ.

"ಅವಳು ಹೇಳ್ತಿರೋದು ಸುಳ್ಳು. ಸೋಮವಾರಾನೇ ಹೇಳೋಕೆ ಬಂದಿದ್ಲು. ನನ್ನ ಕೋಣೆ ಬಾಗಿಲಿಗೆ ಬಂದಿದ್ಲು."

"ಸುಮ್ನಿರೋ" ಎಂದಳು ಅಕ್ಕ ಬಾಗಿಲಲ್ಲೇ ನಿಂತು. ಸಭೆಯ ನಡುವೆ ಬೀಗರನ್ನು ಹಾಗೆ ಗದರಿಸಿದ್ದಕ್ಕೆ ಅಂದು ಯಾರೂ ಮುಸಿನಗಲಿಲ್ಲ.

"ಬಂದು ಏನು ಹೇಳಿದ್ರು?" ಎಂದು ಡಾಕ್ಟರಮ್ಮ ಬೀಗರನ್ನು ಕೇಳಿದರು.

"ಹೇಳೋಕೆ ಬಿಡ್ಲಿಲ್ಲ ನಾನು. ಬಾಯಿ ತೆಗೆಯೋ ಮುಂಚೆನೇ ಒಂದು ಮಾತು ಅಂದೆ. ವಾಪಸ್ ಹೋದ್ಲು."

"ಏನಂದ್ರಿ?"

ಬೀಗರು ಮೇಜಿನ ಅಂಚು ಹಿಡಿದುಕೊಂಡರು. "ಮೀನು ಮರಿ ಹಾಕ್ತಾ ಅಂದೆ."

"ಕೇಳಿಸ್ಲಿಲ್ಲ, ಜೋರಾಗಿ ಹೇಳಿ."

"ಮೀನು ಮರಿ ಹಾಕ್ತಾ... ಅಂತ ಕೇಳ್ದೆ ಡಾಕ್ಟ್ರೇ."

ಒಬ್ಬರೂ ನಗಲಿಲ್ಲ. ಅದೇ ಮಾತು, ಅದೇ ಬಾಯಿ. ಸೋಮವಾರ ಟೀ ನೆತ್ತಿಗೇರಿಸಿಕೊಂಡಿದ್ದ ಫಾರ್ಮಸಿಯವನು ತನ್ನ ಉಗುರು ನೋಡಿಕೊಳ್ಳುತ್ತಿದ್ದ. ಆಮೇಲೆ ಕ್ಯಾಷಿಯರಮ್ಮ ಮೆಲ್ಲಗೆ ಕೆಮ್ಮಿ, "ನಾನೂ ಹೋದ ತಿಂಗಳು ಏನೋ ಒತ್ತಿದ್ದೆ. ಏನೂ ಆಗ್ಲಿಲ್ಲ, ಹೇಳ್ಲಿಲ್ಲ" ಎಂದರು. ಎಲುಬಿನ ಡಾಕ್ಟರು, "ನಾನೂ" ಎಂದರು. ಅವರ ಹಿಂದೆ ಇನ್ನೊಬ್ಬರು. ಬೀಗರು ಸಾಧನೆ ಎಂದು ತೋರಿಸಿದ್ದರಲ್ಲ, ಫೋನುಗಳು ನಿಂತುಹೋದದ್ದು, ಅದರ ಬಂಡವಾಳ ಅಲ್ಲಿ ಬಯಲಾಯಿತು. ಜನ ಒತ್ತುವುದನ್ನು ಬಿಟ್ಟಿರಲಿಲ್ಲ. ಇವರಿಗೆ ಹೇಳುವುದನ್ನು ಬಿಟ್ಟಿದ್ದರು.

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. ಬಾಗಿಲಲ್ಲಿದ್ದ ಅಕ್ಕನಿಗೆ, "ನೀವು ನಾಳೆ ಎಂದಿನ ಹಾಗೆ ಬನ್ನಿ" ಎಂದರು. ಬೀಗರಿಗೆ ಏನೂ ಹೇಳಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಾಗಿತ್ತು.

ಆ ಸಂಜೆ ಅಕ್ಕ ತನ್ನ ಕೋಣೆಯಲ್ಲಿ ಒಗೆದ ಬಟ್ಟೆ ಮಡಿಸುತ್ತಿದ್ದಳು. ಬೀಗರು ಹೋಗಿ ಮಂಚದ ತುದಿಯಲ್ಲಿ ಕೂತರು. ಒಂದು ಟವೆಲ್ ಎತ್ತಿಕೊಂಡು ಮಡಿಸಿದರು, ಸೊಟ್ಟಗಾಯಿತು. ಅಕ್ಕ ಅದನ್ನು ತೆಗೆದುಕೊಂಡು ಸರಿಯಾಗಿ ಮಡಿಸಿದಳು.

"ನನ್ನದು ತಪ್ಪಾಯ್ತಕ್ಕ."

"ಆಯ್ತು ಬಿಡು."

"ಅವತ್ತು ನನ್ನ ಕಪಾಳಕ್ಕೆ ಎರಡು ಬಿಟ್ಟು ಹೇಳಬಾರ್ದಿತ್ತಾ? ನನಗ್ಯಾಕೆ ಹೆದರ್ದೆ ನೀನು? ನನಗೆ?"

ಅಕ್ಕ ಇನ್ನೊಂದು ಬಟ್ಟೆ ಎತ್ತಿಕೊಂಡಳು. "ನನಗೂ ಗೊತ್ತಿಲ್ಲ ಕಣೋ. ಬಾಗಿಲವರೆಗೆ ನನ್ನ ತಮ್ಮನ ಹತ್ರ ಹೇಳ್ಕೊಳ್ಳೋಣ ಅಂತಾನೇ ಬಂದೆ. ನೀನು ಹಾಗಂದೆ ನೋಡು, ಅಲ್ಲಿ ಕೂತಿದ್ದೋನು ನನ್ನ ತಮ್ಮ ಅನ್ನಿಸ್ಲಿಲ್ಲ. ಬೀಗರು ಕೂತಿದ್ರು." ಇಷ್ಟು ಹೇಳಿ, "ಮುಖ ತೊಳ್ಕೊ ಹೋಗು, ಊಟಕ್ಕೆ ಬಡಿಸ್ತೀನಿ" ಎಂದಳು.

ಮೀನನ್ನು ಬೀಗರೇ ತಂದು ಕಸದ ಡಬ್ಬಿಗೆ ಹಾಕಿದರು. ಹಜಾರದ ಪರದೆಯಿಂದ ಹಳೆಯ ಫೋಟೋಗಳನ್ನೆಲ್ಲ ಅಳಿಸಿದರು. ಬಾಗಿಲ ಮೇಲಿನ ಫಲಕ ಕಿತ್ತರು, ಬಾಗಿಲನ್ನು ಹಗಲಿಡೀ ಹಾರುಹೊಡೆದು ಇಡತೊಡಗಿದರು. ಪ್ರತಿ ವಿಭಾಗಕ್ಕೂ ಹೋಗಿ, ಕುರ್ಚಿ ಕೊಟ್ಟರೂ ಕೂರದೆ, "ಏನೇ ಆದ್ರೂ ಬಂದು ಹೇಳಿ, ನಗಲ್ಲ" ಎಂದು ಕೈಮುಗಿದು ಬಂದರು. ಜನ, "ಆಯ್ತು ಸಾರ್" ಎಂದರು. ಬರಲಿಲ್ಲ. ಸುಟ್ಟ ಬಾಯಿ ಮಜ್ಜಿಗೆಯನ್ನೂ ಊದಿ ಕುಡಿಯುತ್ತದೆ. ವಾರಗಳು ಹೋದವು. ಯಾರಾದರೂ ಹಾದುಹೋದರೆ ಬೀಗರು ಕತ್ತೆತ್ತಿ ನೋಡುವರು. ಅವರು ಕಾರಿಡಾರಿನ ಆಚೆ ಗೋಡೆಯ ಪಕ್ಕದಲ್ಲೇ ನಡೆದುಹೋಗುವರು.

ಒಂದು ಮಧ್ಯಾಹ್ನ ಕಡೆಗೂ ಒಂದು ನೆರಳು ಹೊಸ್ತಿಲ ಬಳಿ ನಿಂತಿತು. ತೆರೆದೇ ಇದ್ದ ಬಾಗಿಲನ್ನು ಬೆರಳ ಗೆಣ್ಣಿನಿಂದ ಮೆಲ್ಲಗೆ ತಟ್ಟಿದ ಸದ್ದಾಯಿತು. ಬೀಗರು ದಡಕ್ಕನೆ ಎದ್ದರು.

ಅಕ್ಕ. ಕೈಯಲ್ಲಿ ಇವರ ಊಟದ ಡಬ್ಬಿ ಇತ್ತು, ಬೆಳಿಗ್ಗೆ ಮರೆತುಬಂದದ್ದು. ಒಳಗೆ ಇನ್ಯಾರಾದರೂ ಇದ್ದಾರೇನೋ ಎಂದು ಮೊದಲು ಒಂದು ಸಲ ಇಣುಕಿ ನೋಡಿದಳು.

"ಒಂದು ಮೇಲ್ ಬಂದಿದೆ, ಸ್ವಲ್ಪ ಅನುಮಾನ. ಒತ್ತಿಲ್ಲ" ಎಂದಳು. ಆಮೇಲೆ, ಇವರು ಹುಟ್ಟಿದಾಗಿನಿಂದ ಎಂದೂ ಇವರನ್ನು ಕೇಳದಿದ್ದ ಮಾತನ್ನು ಕೇಳಿದಳು. "ಒಳಗೆ ಬರಬಹುದಾ?"

ಬೀಗರು "ಬಾ ಅಕ್ಕ" ಎಂದರು. ಅನ್ನುವವರೆಗೂ ಅವಳು ಹೊಸ್ತಿಲ ಆಚೆಯೇ ಕಾದು ನಿಂತಿದ್ದಳು.